ದಿನಕ್ಕೆ ಮೂರು ಹುಡುಕಾಟ ಪುಕ್ಕಟೆ

ಕಾಜುಬಾಗದ ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ
ಸಂಜೆ ಆರರ ನಮ್ಮ ತರಗತಿ.
ಹನ್ನೊಂದು ಜನ, ಏಳು ಕಂಪ್ಯೂಟರು,
ಒಂದು ಫ್ಯಾನು, ಅದೂ ಗೋಡೆಯ ಕಡೆಗೇ ಮುಖ.
ರಾಯ್ಕರ್ ಸರ್ ಮೊದಲ ದಿನವೇ ಹೇಳಿದ್ದರು:
"ದುಡ್ಡು ಕಟ್ಟಿದವನಿಗೆ ಎಲ್ಲ ಟೂಲೂ ಒಲಿಯುತ್ತದೆ.
ಪುಕ್ಕಟೆ ಸಿಕ್ಕಿದ್ದರಲ್ಲಿ ಕೆಲಸ ತೆಗೆಯಿರಿ ನೋಡೋಣ."

ಪುಕ್ಕಟೆ ಅಂದರೆ ಹೀಗೆ:
ದಿನಕ್ಕೆ ಮೂರು ಹುಡುಕಾಟ. ನಾಲ್ಕನೆಯದಕ್ಕೆ
ಪರದೆ ಮಂಜಾಗಿ, ಕಿತ್ತಳೆ ಗುಂಡಿಯೊಂದು ಎದ್ದು
ಡಾಲರಿನಲ್ಲಿ ಮಾತಾಡುತ್ತದೆ.
ಭಟ್ಕಳದ ಸಬೀಹಾ ತನ್ನ ಅಣ್ಣನ, ಅತ್ತೆಯ, ಕೊನೆಗೆ
ತೊಟ್ಟಿಲಲ್ಲಿರುವ ಅಕ್ಕನ ಮಗುವಿನ ಹೆಸರಲ್ಲೂ
ಇ-ಮೇಲ್ ತೆರೆದಿದ್ದಾಳೆ.
ಹಲ್ಲು ಬಾರದ ಆ ಕೂಸಿಗೆ ಈಗ
ಏಳು ದಿನದ ಟ್ರಯಲ್ ಸದಸ್ಯತ್ವ.
ನಾನು ಹಾಗಲ್ಲ. ಮೂರೆಂದರೆ ಮೂರೇ,
ಮೂರೇ ಗಾಳ ಉಳಿದವಳ ಹಾಗೆ
ನೀರು ನೋಡಿ ಒಗೆಯುತ್ತೇನೆ.

ಮುರಿದ ಕೊಂಡಿ ಹುಡುಕುವ ಟೂಲೂ ಪುಕ್ಕಟೆಯೇ.
ಅದನ್ನು ವಿವರಿಸಲು ಸರ್ ಕಿಟಕಿ ತೆಗೆದು
ಕೋಡಿಬಾಗದತ್ತ ಕೈ ಚಾಚಿದರು, ಅಷ್ಟೇ.
ಕಾಳಿಯ ಹಳೆ ಸೇತುವೆ ಕುಸಿದ ರಾತ್ರಿ
ನಮ್ಮಲ್ಲಿ ಮಲಗಿದ್ದವರು ಯಾರು?
"ಪುಟ ಸಿಗಲಿಲ್ಲ" ಎಂದರೇನೆಂದು
ಮತ್ತೆ ಯಾರೂ ಕೇಳಲಿಲ್ಲ.

ಪ್ರಾಜೆಕ್ಟಿಗೆ ನಾನು ಹಿಡಿದದ್ದು ಶೇವಂತಿ ಚಿಕ್ಕಿಯ ಮೀನು ಬುಟ್ಟಿ.
ಮೊದಲ ಒಗೆತ: "ಕಾರವಾರ ಮೀನು".
ತಿಂಗಳಿಗೆ ಹತ್ತು ಮಂದಿ. ಇರಲಿ.
ಎರಡನೆಯದು ಅದನ್ನೇ ಇಂಗ್ಲಿಷಿನಲ್ಲಿ.
ಸಾವಿರದ ಮೇಲೆ! ಆದರೆ ಎದುರಿಗೆ
ಟ್ರಾಲರಿನಂಥ ದೊಡ್ಡ ದೊಡ್ಡ ಸೈಟುಗಳು,
ಪೈಪೋಟಿ ಎಂಬತ್ತೆಂಟು, ಕೆಂಪಕ್ಷರದಲ್ಲಿ.
ಮೂರನೆಯದನ್ನು ಬೇಕೆಂದೇ ಹಾಳು ಮಾಡಿದೆ:
"ನೊಗಲಿ".
ಚಿಕ್ಕಿ ಬಾಯಿ ಬಂದಾಗಿನಿಂದ ಕೂಗಿದ ಹೆಸರು.
ಚಕ್ರ ತಿರುಗಿತು, ತಿರುಗಿತು,
ಸೊನ್ನೆ ಎನ್ನುವ ಮರ್ಯಾದೆಯೂ ಇಲ್ಲದೆ
ಒಂದು ಅಡ್ಡಗೆರೆ ಎಳೆದು ನಿಂತಿತು.
ಕೆಳಗೆ ಸಣ್ಣಗೆ: ನೀವು ಹುಡುಕಿದ್ದು "ನೊಗ"ವೇ?
ಮೂರು ತಲೆಮಾರು ಎತ್ತು ಕಟ್ಟದ ನಮ್ಮ ಮನೆಗೆ
ನೊಗ.

ರವಿವಾರದ ಸಂತೆಯಲ್ಲಿ ಚಿಕ್ಕಿಯ ಬೆನ್ನ ಹಿಂದೆ
ಐಸಿನ ಪೆಟ್ಟಿಗೆಯ ಮೇಲೆ ಕೂತು ಬರೆದುಕೊಂಡೆ,
ಕೇಳಿದವರು ಕೇಳಿದಂತೆ:
"ಮುಳ್ಳು ಕಮ್ಮಿ ಇರೋದು ಯಾವ್ದು, ಮಗೂಗೆ?"
"ನಿನ್ನೇದೋ ಇವತ್ತಿಂದೋ, ಕಿವಿರು ಎತ್ತಿ ತೋರ್ಸು."
"ಬಾಣಂತಿಗೆ ಮೋರಿ ಸಿಕ್ತದಾ?"
"ಹುಡುಗಿ ನೋಡೋಕೆ ಏಳು ಜನ ಬರ್ತಾರೆ, ಸುಂಗಟ ಎಷ್ಟು ಬೇಕು?"
ಕೈಗಾದ ಕಡೆಯವನೊಬ್ಬ ಬಗ್ಗಿ, ಹಿಂದಿಯಲ್ಲಿ, ಪಿಸುದನಿಯಲ್ಲಿ:
ವಾಸನೆ ಬಾರದ ಹಾಗೆ ಕಟ್ಟಿಕೊಡಿ,
ಕೆಳಗಿನ ಮನೆಯವರಿಗೆ ತಿಳಿಯಬಾರದು.

ಚಿಕ್ಕಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ.
ಬರುವವರ ಚಪ್ಪಲಿ, ಕೈಚೀಲ, ನಡೆಯುವ ಆತುರ ನೋಡಿ
ಬುಟ್ಟಿಯಲ್ಲಿ ಕೆಳಗಿದ್ದದ್ದನ್ನು ಮೇಲೆ ತರುತ್ತಿದ್ದಳು.
"ಮೇಲಿದ್ದದ್ದೇ ಹೋಗೂದು," ಅಂದಳು, ನನಗಲ್ಲ, ಬಾಂಗಡೆಗೆ.

ಸೋಮವಾರ ನಲವತ್ತೊಂದು ಪ್ರಶ್ನೆ ಸರ್ ಮುಂದಿಟ್ಟೆ.
ಎರಡು ಸಲ ಓದಿದರು.
"ಇದಕ್ಕೆ ಅಂಕಿ ಎಲ್ಲಿ? ಸ್ಕ್ರೀನ್‌ಶಾಟ್ ಎಲ್ಲಿ?"
ಇಲ್ಲ ಸರ್.
ಹತ್ತಕ್ಕೆ ಏಳು ಕೊಟ್ಟು, ಪಟ್ಟಿಯನ್ನು
ತಮ್ಮ ಫೋನಿನಲ್ಲಿ ಫೋಟೋ ತೆಗೆದುಕೊಂಡರು.

ಆ ಪ್ರಶ್ನೆಗಳನ್ನೇ ತಲೆಬರಹ ಮಾಡಿ ಪುಟ ಕಟ್ಟಿದೆ.
ಇಪ್ಪತ್ತಮೂರನೆಯ ದಿನ, ಪುಕ್ಕಟೆ ಕನ್ಸೋಲಿನಲ್ಲಿ,
ಒಂದೇ ಒಂದು ಸಾಲು:
ನೊಗಲಿ. ಕಂಡದ್ದು ನಾಲ್ಕು, ಒತ್ತಿದ್ದು ಒಂದು.
ಯಾರೋ ಎಲ್ಲಿಯೋ ಕೂತು
ಮೂರಕ್ಷರ ತಪ್ಪಿಲ್ಲದೆ ಟೈಪು ಮಾಡಿದ್ದರು.

ಓಡಿಹೋಗಿ ಹೇಳಿದೆ.
"ದುಡ್ಡು ಕೊಟ್ನಾ?"
ಇಲ್ಲ, ಬರೀ ನೋಡಿದ.
"ಹಂಗಾರೆ ಮೂಸಿ ಹೋದವ. ಬರ್ತಾನೆ ಬಿಡು,"
ಅನ್ನುತ್ತ ಚಿಕ್ಕಿ ಐಸು ಒಡೆಯತೊಡಗಿದಳು.